ಸಾವ್ಕಾರರ ಒಂದು ನಿಮಿಷ

ನಮ್ಮ ಹ್ಯಾಮ್ ರೇಡಿಯೋ ಬಳಗದ ವಾಕಿಟಾಕಿಗಳಿಗೆಲ್ಲ ಚಾನೆಲ್ ತುಂಬುವ ಕೆಲಸ ನನ್ನದು. ಶಾಲೆ ಬಿಟ್ಟ ಮೇಲೆ, ರಾಯಚೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದೊಂದನ್ನೇ ಕೇಬಲ್‌ಗೆ ಸಿಕ್ಕಿಸುತ್ತೇನೆ. ಹೊಳೆ ಬಂದು ಫೋನು ಕೈಕೊಟ್ಟಾಗ ಮಾನ್ವಿಯವರು, ದೇವದುರ್ಗದವರು, ನಾವು ಎಲ್ಲರೂ ಒಂದೇ ಚಾನೆಲ್‌ನಲ್ಲಿ ಮಾತಾಡಬೇಕು. ಗುಡ್ಡದ ಮೇಲಿನ ರಿಪೀಟರ್ ಯಂತ್ರ ನಮ್ಮ ದನಿಯನ್ನು ದೂರಕ್ಕೆ ದಾಟಿಸುತ್ತದೆ. ಆದರೆ ಒಬ್ಬರು ಗುಂಡಿ ಒತ್ತಿ ಮಾತಾಡುತ್ತಿದ್ದರೆ ಉಳಿದವರು ಸುಮ್ಮನೆ ಕೇಳಬೇಕಷ್ಟೇ. ಅದಕ್ಕೇ ನಾನೊಂದು ಕಟ್ಟುಪಾಡು ಹಾಕಿದ್ದೆ: ಯಾರೇ ಆಗಲಿ, ಗುಂಡಿ ಒತ್ತಿ ಒಂದು ನಿಮಿಷ ದಾಟಿದರೆ ಆ ರೇಡಿಯೋ ತಾನಾಗಿ ಬಾಯಿ ಮುಚ್ಚಬೇಕು.

ಇದಕ್ಕೆ ಸಿಟ್ಟಾದವರು ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರು. ಇಳಿವಯಸ್ಸಿನಲ್ಲಿ ಓದಿ, ಪರೀಕ್ಷೆ ಪಾಸಾಗಿ, ಗಿರಣಿಯ ಮೇಲೆ ಆಂಟೆನಾ ನಿಲ್ಲಿಸಿದ ಉತ್ಸಾಹಿ. ಆದರೆ ಅವರದು ಮೊದಲು ಶರಣು, ಆಮೇಲೆ ಆರಾಮ, ಊಟ, ಮಳೆ, ಮಕ್ಕಳು. ವಿಷಯಕ್ಕೆ ಬರುವಷ್ಟರಲ್ಲಿ ರೇಡಿಯೋ ಟಕ್ಕೆಂದು ನಿಲ್ಲುತ್ತಿತ್ತು.

“ಟೀಚರ್ರ, ನನ್ ಮಾತಿಗಿ ಕತ್ರಿ ಹಾಕೀರಲ್ರಿ. ನನ್ನೊಬ್ಬಂದರ ತಗೀರಿ.”

“ಆಗಂಗಿಲ್ರಿ ಸಾವ್ಕಾರ್ರ. ಎಲ್ಲಾರಿಗೂ ಒಂದ ಕಾಯ್ದೆ,” ಎಂದೆ.

ನಮ್ಮವ್ವ ಅದೇ ಗಿರಣಿಯ ಅಂಗಳದಲ್ಲಿ ವರ್ಷಗಟ್ಟಲೆ ಭತ್ತ ಒಣಗಿಸಿದವಳು. ಅಲ್ಲಿ ಎಂದೂ ತಲೆಯೆತ್ತಿ ಮಾತಾಡಿದವಳಲ್ಲ. ಸಾವ್ಕಾರರಿಗೆ ಹಾಗೆ ಹೇಳುವಾಗ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದಸರೆ ಮುಗಿದಿತ್ತಷ್ಟೇ, ಕೃಷ್ಣೆ ಉಕ್ಕಿ ಬಂದಳು. ನನ್ನ ತಂಗಿ ದೇವದುರ್ಗದ ಕಡೆ ಹೊಳೆದಂಡೆಯ ಹಳ್ಳಿಯೊಂದರಲ್ಲಿ ನರ್ಸ್. ಊರಿಗೆ ಹೋಗುವ ಸೇತುವೆ ಮುಳುಗಿತು, ಅಲ್ಲಿಯ ಫೋನೂ ನಿಂತಿತು. ಉಳಿದದ್ದು ನಾನು ಚಾನೆಲ್ ತುಂಬಿಕೊಟ್ಟ ರೇಡಿಯೋ ಒಂದೇ. ಮಧ್ಯಾಹ್ನ ಅದರಲ್ಲಿ ಅವಳ ದನಿ ಬಂತು.

“ಅಕ್ಕಾ, ಇಲ್ಲೊಬ್ಬಾಕಿ ಬ್ಯಾನಿ ತಿನ್ನಾಕತ್ತಾಳ. ಕೂಸು ಅಡ್ಡ ಅದ, ದವಾಖಾನಿಗಿ ಒಯ್ಯಬೇಕು. ಬೋಟು ಯಾ ಕಡೀಲಿಂದ ಬರಬೇಕಂದ್ರ...”

ಅಷ್ಟರಲ್ಲಿ ಗಿರಣಿಯ ಗಡಗಡ ಸದ್ದು ಅವಳ ಮಾತನ್ನು ನುಂಗಿತು. ಅದರ ನಡುವೆ ಸಾವ್ಕಾರರ ಗಂಟಲು: “ಒಗ್ಗಾಣಿ ಬಿಸಿ ಅದ ಏನಲೇ? ಮಿರ್ಚಿ ಜಾಸ್ತಿ ಹಾಕ್ಸಿ ತಾ. ಮನ್ಯಾಗ ಹೇಳಬ್ಯಾಡ.”

ಅವರ ರೇಡಿಯೋದ ಗುಂಡಿ ಒತ್ತಿಕೊಂಡೇ ಕೂತಿತ್ತು, ಅವರಿಗದು ಗೊತ್ತಿರಲಿಲ್ಲ. ಸಾವ್ಕಾರರಿಗೆ ಫೋನ್ ಹಚ್ಚಿದೆ. ಅದು ಗಿರಣಿಯಲ್ಲಿ ರಿಂಗಾಗುವುದು ನನ್ನ ರೇಡಿಯೋದಲ್ಲೇ ಕೇಳಿಸಿತು. ಯಂತ್ರದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಬಾಯಿಗೆ ಬಂದಂತೆ ಬೈದೆ, ಅದು ಯಾರಿಗೂ ಕೇಳಿಸಲಿಲ್ಲ.

ಆಗ ಟಕ್ಕೆಂದಿತು. ಗಿರಣಿ ನಿಶ್ಶಬ್ದ. ಸಾವ್ಕಾರರ ನಿಮಿಷ ಮುಗಿದಿತ್ತು.

“ಅಕ್ಕಾ, ಕೇಳಾಕತ್ತೀಯೇನು?”

“ಹೇಳು ತಂಗಿ.”

“ಸೇತುವಿ ಕಡೀಲಿಂದ ಬ್ಯಾಡ, ಸೆಳವು ಭಾಳ ಅದ. ಶಾಲಿ ಹಿಂದಿನ ಹೊಲದ ಕಡೀಲಿಂದ ಬರ್ಲಿ.”

ದೇವದುರ್ಗದಲ್ಲಿ ಬೋಟಿನವರ ಜೊತೆಗಿದ್ದ ನಮ್ಮ ಬಳಗದವರು ಅದನ್ನು ಕೇಳಿಸಿಕೊಂಡರು. ಬೋಟು ಹೋಯಿತು. ಸಂಜೆ ದವಾಖಾನೆಯಿಂದ ಸುದ್ದಿ ಬಂತು: ಹೆಣ್ಣು ಕೂಸು, ಇಬ್ಬರೂ ಆರಾಮ. ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಸಮಾಧಾನವಾಗುವವರೆಗೂ ಅತ್ತೆ.

ಹೊಳೆ ಇಳಿದ ಮೇಲೆ ಸಾವ್ಕಾರರು ರೇಡಿಯೋ ಹಿಡಿದುಕೊಂಡು ಮನೆಗೆ ಬಂದರು. “ದಸರಿ ಖಂಡೆ ಪೂಜ್ಯಾಗ ತಕ್ಕಡಿ, ಮಷೀನು ಎಲ್ಲಾಕ್ಕೂ ಹಚ್ಚಿದಂಗ ಇದಕ್ಕೂ ವಿಭೂತಿ ಹಚ್ಚಿದ್ನಿರಿ. ಅವಾಗಿಂದ ಗುಂಡಿ ಸಿಕ್ಕೊಳ್ಳಾಕತ್ತದ.” ನೀರಿನಲ್ಲಿ ಕಲಸಿದ ವಿಭೂತಿ, ಮೂರು ಪಟ್ಟೆ, ಸರಿಯಾಗಿ ಮಾತಿನ ಗುಂಡಿಯ ಮೇಲೆ. ಸಂದಿಯಲ್ಲಿ ಒಣಗಿ ಗಟ್ಟಿಯಾಗಿತ್ತು. ಹಳೇ ಬ್ರಶ್ಶಿನಿಂದ ತಿಕ್ಕಿ ತೆಗೆಯುತ್ತ ನಡೆದದ್ದೆಲ್ಲ ಹೇಳಿದೆ. ಮಿರ್ಚಿಯನ್ನೂ ಬಿಡಲಿಲ್ಲ.

ಅವರು ಮೇಜಿನ ಮೇಲಿದ್ದ ಕೇಬಲ್ ಎತ್ತಿ ನನ್ನ ಕೈಗಿಟ್ಟರು. ಆಮೇಲೆ, “ನಂದು ಅರ್ಧಾ ನಿಮಿಷಕ್ಕ ಇಡು ಯವ್ವಾ. ನಮಸ್ಕಾರ ಫೋನಿನ್ಯಾಗ ಹೇಳ್ತೀನಿ,” ಎಂದರು.

ಕೇಬಲ್ ಸಿಕ್ಕಿಸಿದೆ. ಆದರೆ ಒಂದು ನಿಮಿಷವನ್ನು ಹಾಗೇ ಬಿಟ್ಟೆ. ಈಗ ಅವರು ಮೊದಲು ವಿಷಯ ಹೇಳುತ್ತಾರೆ, ಉಳಿದ ಹೊತ್ತಿನಲ್ಲಿ, “ನಿಮ್ಮವ್ವಾರದು ಊಟ ಆತೇನ್ರಿ?” ಎಂದು ಕೇಳುತ್ತಾರೆ. ಅವ್ವ ಮೇಜಿನ ಪಕ್ಕದಲ್ಲೇ ಇರುತ್ತಾಳೆ. ನನ್ನ ಕೈಯಿಂದ ರೇಡಿಯೋ ಇಸಿದುಕೊಂಡು, ಗುಂಡಿ ಒತ್ತಿ, “ಆತ್ರಿ ಸಾವ್ಕಾರ್ರ. ನಿಮ್ದು?” ಎನ್ನುತ್ತಾಳೆ.