ಗದ್ದದ ಮೇಲಿನ ಮೂರು ಚುಕ್ಕಿ

ಡಿಗ್ರಿ ಮುಗಿದ ಮೇಲೆ ಡಿಸೈನ್ ಕೆಲಸವನ್ನೇ ಮಾಡುತ್ತೇನೆಂದು ನಾನು ಹಟ ಹಿಡಿದಾಗ ಅಪ್ಪ ಹದಿನೈದು ದಿನ ಕೊಟ್ಟರು. ಅಷ್ಟರಲ್ಲಿ ಇದು ನನ್ನ ಕೈಗೆ ಹತ್ತುತ್ತದೆಂದು ಬಲ್ಲವರೊಬ್ಬರು ಹೇಳಬೇಕು, ಇಲ್ಲವಾದರೆ ಬಿ.ಎಡ್. ಹೀಗಾಗಿ ದಿನಾ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿಗೆ ಹೋಗತೊಡಗಿದೆ. ಅಲ್ಲಿ ಬ್ಯಾನರು, ಲಗ್ನಪತ್ರಿಕೆ ಮಾಡುವ ಚಾಚಾ ಒಬ್ಬರಿದ್ದರು. ಮೊದಲು ಕುಂಚ ಹಿಡಿದು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು, ನಡುವಯಸ್ಸಿನಲ್ಲಿ ಕಂಪ್ಯೂಟರ್ ಕಲಿತವರು.

"ಇದರಾಗ ನನಗ ಮುಂದ ಏನರ ಅದೇನ್ರಿ ಚಾಚಾ?" ಎಂದು ಮೊದಲ ದಿನವೇ ಕೇಳಿದೆ.

"ಕೂತು ನೋಡು ಬೇಟಾ," ಎಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನನಗೆ ಸಿಟ್ಟು ಬಂತು. ಮೊಬೈಲು ನೋಡಿಯೇ ಅರ್ಧ ವಿದ್ಯೆ ಕಲಿತಿದ್ದೇನೆ, ಇವರೇನು ಹೇಳಿಕೊಡುವುದು ಎಂಬ ಜಂಬ ಬೇರೆ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಓಣಿಯ ಬಾಯಿಗೆ ಶ್ರದ್ಧಾಂಜಲಿ ಬ್ಯಾನರು ಕಟ್ಟುತ್ತಾರೆ. ನಾನು ಹೋಗತೊಡಗಿದ ಹನ್ನೆರಡನೆಯ ದಿನ, ಹತ್ತಿರದ ಹುಡಗಿ ಎಂಬ ಊರಿನ ಹೆಂಗಸೊಬ್ಬಳು ತೀರಿಕೊಂಡ ತಾಯಿಯ ಫೋಟೊ ತಂದಳು. ಇದ್ದದ್ದು ಅದೊಂದೇ, ಅದೂ ನೀರು ತಾಗಿ ಕಲೆಗಟ್ಟಿದ್ದು. ಚಾಚಾ ಅದನ್ನು ನನಗೆ ಒಪ್ಪಿಸಿ ನಮಾಜಿಗೆ ಹೋದರು. ನಾನು ಒಂದೊಂದೇ ಕಲೆ ಅಳಿಸಿದೆ, ಸುಕ್ಕು ಸವರಿದೆ, ಮುಖಕ್ಕೆ ಬಿಳುಪು ಕೊಟ್ಟೆ. ಬೆಂಚಿನ ಮೇಲೆ ಕೂತಿದ್ದ ಆ ಹೆಂಗಸನ್ನು ಕರೆದು ತೋರಿಸಿದೆ.

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು. "ಚಂದ ಆಗ್ಯಾದ್ರಿ. ಆದ್ರ ಇಕಿ ನಮ್ಮವ್ವ ಅಲ್ರಿ." ಅವಳ ಕೈ ತನ್ನ ಗದ್ದಕ್ಕೆ ಹೋಯಿತು. "ಇಲ್ಲಿ ಮೂರು ಚುಕ್ಕಿ ಹಚ್ಚಿ ಹಾಕಿಸಿಕೊಂಡಿದ್ಳು. ಸಣ್ಣಾಕಿ ಇದ್ದಾಗ ಅದರ ಮ್ಯಾಲ ಬೆರಳಿಟ್ಟು ಎಣಸ್ತಿದ್ದೆ." ಸೆರಗು ಬಾಯಿಗೆ ಹಿಡಿದು ಅತ್ತಳು.

ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅಂಥದೇ ಹಸಿರು ಚುಕ್ಕಿಗಳು ನಮ್ಮ ಅಜ್ಜಿಯ ಗದ್ದದ ಮೇಲೂ ಇವೆ. ಅವಳ ತೊಡೆಯ ಮೇಲೆ ಬೆಳೆದವಳು ನಾನು, ಆದರೂ ಫೋಟೊದಲ್ಲಿನ ಹಚ್ಚೆಯನ್ನು ಕೊಳೆ ಅಂದುಕೊಂಡು ಅಳಿಸಿದ್ದೆ.

ಚಾಚಾ ಬಂದು ನೋಡಿದರು. ಬೈಯಲಿಲ್ಲ. ಫೋಟೊವನ್ನು ಮತ್ತೆ ಸ್ಕ್ಯಾನ್ ಮಾಡಿ, ಆ ಹೆಂಗಸಿಗೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿದರು. "ಕಲೆ ಯಾವ್ದು, ಹಚ್ಚಿ ಯಾವ್ದು ಅಂತ ಫೋಟೊ ಹೇಳಂಗಿಲ್ಲ ಬೇಟಾ. ಮನಿಯವ್ರು ಹೇಳ್ತಾರ. ಮೊದಲ ಕೇಳು, ಆಮ್ಯಾಲ ಅಳಸು."

ಕೇಳುತ್ತಾ ಹೋದೆ. ಇದು ತೆಗೀರಿ, ಇದು ಇರ್ಲಿ, ಹಣೆಯ ಗೆರೆ ಮುಟ್ಟಬ್ಯಾಡ್ರಿ ಎಂದು ಅವಳು ಬೆರಳಿಟ್ಟು ಹೇಳುತ್ತಾ ಬಂದಳು. ಮೂರು ಚುಕ್ಕಿ ನಿಚ್ಚಳವಾದಾಗ ಅವಳು ಪರದೆಗೆ ಕೈ ಮುಗಿದಳು. ನನಗೂ ಅಳು ತಡೆಯಲಾಗಲಿಲ್ಲ.

ಇದರಲ್ಲಿ ನನಗೆ ಮುಂದೆ ಏನಾದರೂ ಇದೆಯೇ ಎಂದು ಆ ದಿನ ನಾನು ಚಾಚಾರನ್ನು ಕೇಳಲಿಲ್ಲ. ಹೊರಟಾಗ ಅವರೇ, "ನಾಳೆ ಲಗೂ ಬಾ," ಎಂದರು.

ಚಾಚಾ ನಾಳೆ ಬೇಗ ಬರಲು ಹೇಳಿದ್ದಾರೆ ಎಂದಷ್ಟೇ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ನನ್ನ ಮುಖ ನೋಡಿ, ತಂದಿಟ್ಟಿದ್ದ ಬಿ.ಎಡ್. ಅರ್ಜಿಯನ್ನು ಮಡಿಚಿ ಒಳಗಿಟ್ಟರು. ನಾನು ಅಜ್ಜಿಯ ಎದುರು ಕೂತು ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ.

"ಏನ್ ನೋಡಾಕತ್ತೀ ಹಂಗ?" ಎಂದಳು.

"ಕೆಲಸ ಕಲಿಯಾಕತ್ತೇನಿ, ಆಯಿ."