ನಿಮಗೂ ಕೇಳ್ತಾ, ಅಕ್ಕಾ?

ಜ್ವರ ಬಿದ್ದ ತನ್ನ ಮಗಳ ಆರೈಕೆಗೆಂದು ಹೋಗಿದ್ದ ನನ್ನ ತಂಗಿ ಗುರುಶಾಂತಮ್ಮ ಅದೇ ಜ್ವರಕ್ಕೆ ತೀರಿಕೊಂಡಳೆಂದು ಕಲ್ಯಾಣದುರ್ಗದ ಗಾಡಿಯವನು ಬಂದು ಹೇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಹೆಗಲ ಮೇಲೆ ಅಡ್ಡೆ, ಎರಡು ಕೊಡ ನೀರು ಹೊತ್ತು ತೋಟಪ್ಪ ನಮ್ಮ ಹೊಸ್ತಿಲಾಚೆ ನಿಂತಿದ್ದ. ಅವನು ಅಳಲಿಲ್ಲ. "ಇನ್ಮೇಲೆ ನಾನು ಯಾರ್ನ ಕೇಳ್ಲಿ ಯಜಮಾನ್ರೆ?" ಎಂದ.

ತೋಟಪ್ಪ ಹಿಂದೂಪುರದ ಬೆಲ್ಲದ ಮಂಡಿಯ ಹಮಾಲಿ. ಇಪ್ಪತ್ತು ವರ್ಷದಿಂದ ಅವನ ಕಿವಿಯಲ್ಲಿ ಇಲ್ಲದ ದನಿಗಳು ಬೈಯುತ್ತವೆ, ಕರೆಯುತ್ತವೆ. ಊರು ಅವನನ್ನು ಹುಚ್ಚನೆಂದು ದೂರವಿಟ್ಟಿದೆ. ಗುರುಶಾಂತಮ್ಮ ಮಾತ್ರ ಅವನಿಗೊಂದು ದಾರಿ ಕಲಿಸಿದ್ದಳು. ದನಿ ಕೇಳಿದರೆ ಅವನು "ನಿಮಗೂ ಕೇಳ್ತಾ, ಅಕ್ಕಾ?" ಎನ್ನಬೇಕು. ಅವಳು ಕಿವಿಗೊಟ್ಟು, "ಇಲ್ಲ ಕಣಪ್ಪ, ಕೆಲ್ಸ ನೋಡೋಗು" ಎಂದರೆ ಅವನಿಗೆ ಸಮಾಧಾನ.

ಈ ಕಾಲಯುಕ್ತಿ ಸಂವತ್ಸರದ ಆಶ್ವೀಜದಲ್ಲಿ ಹೊಸ ಜ್ವರ ಬಂತು. ಮಂಡಿ ಮುಚ್ಚಿತು, ನೀರು ಸೇದುವವರೇ ಹಾಸಿಗೆ ಹಿಡಿದರು. ಅಂದಿನಿಂದ ತೋಟಪ್ಪ ದಿನಾ ಇಪ್ಪತ್ತೆರಡು ಮನೆಗೆ ನೀರು ಹಾಕುತ್ತಾನೆ. ಮೊದಮೊದಲು ನನ್ನ ತಂಗಿ ಜೊತೆಗೆ ನಡೆಯುತ್ತಿದ್ದಳು. ಅವಳು ಕಲ್ಯಾಣದುರ್ಗಕ್ಕೆ ಹೋದ ಮೂರನೆಯ ದಿನ, ಎಲ್ಲರೂ ಪಕ್ಕದೂರು ಪರಿಗಿಗೆ ಹೊರಟುಹೋದರೆಂದು ಊರು ತಿಳಿದಿದ್ದ ಮನೆಯೊಂದರಿಂದ "ನೀರು, ನೀರು" ಎಂಬ ಕೂಗು ಅವನಿಗೆ ಕೇಳಿಸಿತು. ಕೇಳಲು ಅಕ್ಕ ಇರಲಿಲ್ಲ. ತಲೆಯೊಳಗಿನ ದನಿಯೇ ಎಂದು ಮುಂದೆ ನಡೆದ. ಮರುದಿನ ಬಾಗಿಲು ನೂಕಿದವರು ಕಂಡದ್ದು, ಹೊಸ್ತಿಲವರೆಗೆ ತೆವಳಿ ಬಂದು ಸತ್ತಿದ್ದ ಮುದುಕಿ ಪೆದ್ದಕ್ಕನನ್ನು.

ಈಗ ಅವನು ಯಾವ ಕೂಗನ್ನೂ ಬಿಡುವುದಿಲ್ಲ. ಪಾಳುಬಿದ್ದ ಮನೆಯ ಮುಂದೆಯೂ ಚೊಂಬು ನೀರಿಡುತ್ತಾನೆ.

"ಏಮಿರಾ ತೋಟಪ್ಪಾ, ದೆವ್ವಗಳಿಗೂ ದಿನದ ವರ್ತನೆ ನೀರಾ?" ಎಂದು ಅಂಗಡಿಯ ಶ್ರೀರಾಮುಲು ನಗುತ್ತಾನೆ.

"ಸುಳ್ಳು ಕೂಗಾದ್ರೆ ಒಂದು ಚೊಂಬು ನೀರು ಹೋಯ್ತದೆ ಸ್ವಾಮಿ. ನಿಜ ಆಗಿ ನೀರಿಡ್ದಿದ್ರೆ ಜೀವ ಹೋಯ್ತದೆ."

ನನ್ನೊಡನೆ ಮಾತ್ರ ಅವನು ದನಿ ತಗ್ಗಿಸುತ್ತಾನೆ. "ಪೆದ್ದಕ್ಕ ಈಗ್ಲೂ ಕೂಗ್ತವ್ಳೆ ಯಜಮಾನ್ರೆ. ರೋಗಕ್ಕಿಂತ ಅದೇ ಭಯ. ಅದು ನಿಜ ಅಲ್ಲ ಅಂತ ಹೇಳೋರು ಒಬ್ರಿದ್ರೆ ಸಾಕು, ಇನ್ನೇನೂ ಬ್ಯಾಡ."

ಅದಕ್ಕೇ ಬೆಳಗಿನ ಜಾವ ಈಗ ನಾನು ಅವನ ಹಿಂದೆ ನಡೆಯುತ್ತೇನೆ. ನಿನ್ನೆ ನಮ್ಮ ಹಿತ್ತಿಲ ಬಾಗಿಲಲ್ಲೇ ಅವನು ನಿಂತುಬಿಟ್ಟ. "ಅಕ್ಕ ಕರೆದ್ರು. ನಿಮಗೂ ಕೇಳ್ತಾ?"

ಬಹಳ ಹೊತ್ತು ಕಿವಿಗೊಟ್ಟೆ. "ಇಲ್ಲಪ್ಪ" ಎಂದೆ.

ತಲೆಯಾಡಿಸಿದ. ಆದರೂ ಅಲ್ಲೊಂದು ಚೊಂಬು ನೀರಿಟ್ಟೇ ಹೋದ.

ಮಹಾದೇವಾ, ಕರೆದವರಿಗೆಲ್ಲ ಓಗೊಟ್ಟವಳು ನನ್ನ ತಂಗಿ. ಅವಳನ್ನು ನಿನ್ನಲ್ಲಿ ಸೇರಿಸಿಕೋ. ಆ ಜೀವ ತಣ್ಣಗಿರಲಿ.