ಇದುರೆ ಜೇನಿಗೆ ಓದಿದ ಸುದ್ದಿ

ನಮ್ಮ ಇದುರೆಯ ಜೊತೆ ಮಾತಾಡಿದಿರೋ, ಸಿಕ್ಕಿಬಿದ್ದಿರಿ. ನೀವು ಹೇಳಿದ್ದನ್ನು ಬರೆದು, ನಿಮ್ಮ ಅಡುಗೆಮನೆಗೇ ತಂದು ಓದಿ ಹೇಳುತ್ತಾಳೆ. ನೀವು ಹೂಂ ಅನ್ನುವವರೆಗೆ ಅಚ್ಚಿಗೆ ಕೊಡುವುದಿಲ್ಲ. ಮೂವತ್ತು ವರ್ಷದಿಂದ ಈ ಕಣಿವೆಯ ಬಾಸ್ಕ್ ಭಾಷೆಯ ವಾರಪತ್ರಿಕೆಯನ್ನು ಹೀಗೇ ನಡೆಸಿದ್ದಾಳೆ. ನಾಲ್ಕು ಕಾದಂಬರಿ ಬರೆದವಳು, ದೊಡ್ಡ ಊರಿನವರು ಕರೆದು ಕೊಟ್ಟ ಬಹುಮಾನ ಪಡೆದವಳು. ಆದರೂ ನನ್ನ ಮನೆಗೆ ಬಂದರೆ ಮೊದಲು ಬುಟ್ಟಿ ಎಳೆದುಕೊಂಡು ಬೀನ್ಸ್ ಸುಲಿಯಲು ಕೂರುತ್ತಾಳೆ.

ಓದಿ ಹೇಳುವ ಈ ಚಾಳಿ ಅವಳಿಗೆ ಅಂಟಿದ್ದು ನಮ್ಮ ಭಾಷೆ ಓದಲು ಬಾರದ ನಮ್ಮಂಥವರಿಂದಲೇ. ನಾನು ಹಸುವನ್ನು ಬೈದದ್ದು, ಗಂಡನನ್ನು ಬೈದದ್ದು ಎಲ್ಲ ನಮ್ಮ ಬಾಸ್ಕ್ ಭಾಷೆಯಲ್ಲೇ. ಶಾಲೆಯಲ್ಲಿ ಕಲಿಸಿದ್ದು ಮಾತ್ರ ಸ್ಪ್ಯಾನಿಷ್. ಬಾಯಿತಪ್ಪಿ ನಮ್ಮ ಮಾತು ಆಡಿದ ಮಗುವಿನ ಕೈಗೆ ಟೀಚರಮ್ಮ ಒಂದು ಕಬ್ಬಿಣದ ಉಂಗುರ ಕೊಡುತ್ತಿದ್ದರು. ಇನ್ನೊಂದು ಮಗು ನಮ್ಮ ಮಾತು ಆಡಿದಾಗ ಉಂಗುರವನ್ನು ಅದರ ಕೈಗೆ ದಾಟಿಸಬೇಕು. ಶನಿವಾರ ಯಾರ ಕೈಯಲ್ಲಿ ಉಳಿಯಿತೋ ಅವರ ಅಂಗೈಗೆ ಏಟು. ಇದುರೆ ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಅವಳ ಕೈಗೂ ಆ ಉಂಗುರ ಬಂದಿತ್ತಂತೆ. ಅವಳು ಹದಿನಾಲ್ಕಕ್ಕೆ ಪಾದ್ರಿಗಳ ಮನೆಯ ಮಾಳಿಗೆಯಲ್ಲಿ ದೊಡ್ಡವರ ಜೊತೆ ಕೂತು ನಮ್ಮ ಭಾಷೆ ಬರೆಯಲು ಕಲಿತಳು. ನಾನು ಕಲಿಯಲಿಲ್ಲ. ನಮ್ಮ ಮಾತು ಅಚ್ಚಾಗಿದ್ದು ಕಂಡರೆ ಸಾಕು, ನನ್ನ ಅಂಗೈ ಉರಿಯುತ್ತಿತ್ತು.

“ಫೆಲಿಸಕ್ಕ, ಸ್ಪ್ಯಾನಿಷ್ ಅಕ್ಷರಾನೇ ಅಲ್ವಾ ಇದೂ? ಒಂದ್ ಸಾಲು ಓದಿ ನೋಡಿ,” ಅನ್ನುತ್ತಿದ್ದಳು.

“ಓದೋಕೆ ನೀನಿದೀಯಲ್ಲ. ಸುಮ್ನೆ ಬೀನ್ಸ್ ಸುಲಿ, ತಲೆ ತಿನ್ಬೇಡ.”

ಒಲೆಯ ಪಕ್ಕದಿಂದ ನನ್ನ ಗಂಡ ಬಿಶೆಂತೆ ನಗುತ್ತಿದ್ದ. “ಬೇಡ ಕಣೇ ಇದುರೆ. ಇವಳು ಓದೋಕೆ ಶುರು ಮಾಡಿದ್ರೆ ನಿನ್ ಪತ್ರಿಕೇಲಿ ವಾರ ವಾರ ತಪ್ಪು ಹುಡುಕ್ತಾಳೆ.”

ಹೋದ ವಸಂತದಲ್ಲಿ, ಒಂದು ಬುಧವಾರ, ಬಿಶೆಂತೆ ತೀರಿಕೊಂಡ. ಹಿಂದಿನ ದಿನ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದ: “ಜೇನು ಹೋಗೋಕೆ ಬಿಡ್ಬೇಡ ಕಣೇ.” ತೋಟದಲ್ಲಿ ಅವನ ಏಳು ಜೇನುಪೆಟ್ಟಿಗೆಗಳಿದ್ದವು.

ನಮ್ಮಲ್ಲಿ ಮನೆಯ ಯಜಮಾನ ಹೋದರೆ ಜೇನಿಗೆ ತಿಳಿಸಬೇಕು. ಅದನ್ನು ಮನೆಯವರು ಮಾಡುವಂತಿಲ್ಲ, ಮೊದಲ ನೆರೆಮನೆಯವರೇ ಬಂದು ಪೆಟ್ಟಿಗೆ ತಟ್ಟಿ ಹೇಳಬೇಕು. ಹೇಳದಿದ್ದರೆ ಜೇನು ನಿಲ್ಲುವುದಿಲ್ಲ. ನಮ್ಮ ಮೊದಲ ನೆರೆಮನೆ ಇದುರೆಯದು. ಅವಳ ತಾಯಿ ಇದ್ದಷ್ಟು ದಿನ ಆ ಕೆಲಸ ತಾಯಿಯದಾಗಿತ್ತು, ಈಗ ಅವಳದು. ಅವಳೂ ಓಡಿಬಂದಳು, ನನ್ನನ್ನು ತಬ್ಬಿ ಅತ್ತಳು, ಚರ್ಚಿನ ಗಂಟೆ ಬಾರಿಸಲು ಹೇಳಿಕಳಿಸಿದಳು. ಆಮೇಲೆ ಪತ್ರಿಕೆ ಅಚ್ಚಿಗೆ ಹೋಗುವ ದಿನ ಅಂತ ಕಚೇರಿಗೆ ಓಡಿದಳು.

ಶುಕ್ರವಾರ ಬ್ರೆಡ್ಡಿನವನು ಪತ್ರಿಕೆ ಕೊಟ್ಟು ಹೋದ. ಅದರಲ್ಲಿ ಇಡೀ ಪುಟ ಬಿಶೆಂತೆ! ಅವನ ಫೋಟೋ ನೋಡುತ್ತಿದ್ದಾಗಲೇ ನನಗೆ ಹೊಳೆದದ್ದು, ಪೆಟ್ಟಿಗೆಗಳನ್ನು ಯಾರೂ ತಟ್ಟಿಲ್ಲ. ತೋಟಕ್ಕೆ ಓಡಿದೆ. ಏಳೂ ಪೆಟ್ಟಿಗೆಗಳ ಬಾಗಿಲಲ್ಲಿ ಜೇನು ಗುಂಪುಗಟ್ಟಿ ಹೊರಗೆ ನಿಂತಿತ್ತು, ಹೊರಟು ನಿಂತ ಹಾಗೆ. ಮೈಯೆಲ್ಲ ಉರಿಯಿತು. ಫೋನ್ ಮಾಡಿದೆ.

“ಏನೇ ದೊಡ್ಡ ಲೇಖಕಿ! ಕಣಿವೆಗೆಲ್ಲ ಸಾರಿಬಿಟ್ಟೆ, ಜೇನಿಗೆ ಹೇಳಿದ್ಯಾ? ಮೊದ್ಲು ಯಾರಿಗೆ ಹೇಳ್ಬೇಕು ಅನ್ನೋದೂ ಮರ್ತೋಯ್ತಾ?”

ಹತ್ತು ನಿಮಿಷಕ್ಕೆ ಏದುಸಿರು ಬಿಡುತ್ತಾ ದಿಣ್ಣೆ ಹತ್ತಿ ಬಂದಳು, ಕೈಯಲ್ಲಿ ಅದೇ ಪತ್ರಿಕೆ.

“ಬೈರಿ ಫೆಲಿಸಕ್ಕ. ಎರಡು ತಪ್ಪು ಮಾಡಿದೀನಿ. ಜೇನಿಗೂ ಹೇಳ್ಲಿಲ್ಲ, ನಿಮಗೂ ಓದ್ಲಿಲ್ಲ. ನಿಮ್ ಮುಖ ನೋಡ್ಕೊಂಡು ಓದೋ ಧೈರ್ಯ ಬರ್ಲಿಲ್ಲ.”

“ಧೈರ್ಯ ಆಮೇಲೆ ಹುಡುಕೋವಂತೆ. ಮೊದ್ಲು ತಟ್ಟು.”

ಮೊದಲ ಪೆಟ್ಟಿಗೆಯನ್ನು ತಟ್ಟಿ ನಿಂತೇಬಿಟ್ಟಳು. ಜೇನಿಗೆ ಹೇಳುವ ಹಳೆಯ ಮಾತು ಅವಳ ತಾಯಿಗೆ ಬಾಯಿಪಾಠ ಇತ್ತು. ಊರವರದೆಲ್ಲ ಬರೆದಿಟ್ಟ ಇವಳು ಹೆತ್ತ ತಾಯಿಯ ಆ ನಾಲ್ಕು ಮಾತು ಬರೆದಿಟ್ಟಿರಲಿಲ್ಲ. ಕಡೆಗೆ ಪತ್ರಿಕೆ ಬಿಡಿಸಿ, ತಾನು ಬರೆದದ್ದನ್ನೇ ಜೇನಿಗೆ ಓದತೊಡಗಿದಳು. ಹಸುವನ್ನು ಗದರಿದ ದಿನ ಸಂಜೆ ಹೋಗಿ ಹಸುವಿನ ಕ್ಷಮೆ ಕೇಳುತ್ತಿದ್ದ ಗಂಡಸು, ಮದುವೆಗೆ ತಮ್ಮನ ಬೂಟು ಎರವಲು ಹಾಕಿಕೊಂಡು ಬಂದವನು... ನಾನು ಕೈಕಟ್ಟಿ, ಮುಖ ಊದಿಸಿಕೊಂಡು ಹಿಂದೆ ನಿಂತಿದ್ದೆ. ಮೂರನೆಯ ಪೆಟ್ಟಿಗೆಗೆ ಬರುವಷ್ಟರಲ್ಲಿ ತಡೆಯಲಾಗಲಿಲ್ಲ.

“ಆ ಬೂಟು ಅವನ ತಮ್ಮಂದಲ್ಲ, ನಮ್ಮಪ್ಪಂದು!”

“ಮುಂದಿನ ವಾರ ತಿದ್ದುಪಡಿ ಹಾಕ್ತೀನಿ,” ಎಂದು ಕಣ್ಣೊರೆಸಿಕೊಂಡು ಮತ್ತೆ ಮೊದಲಿಂದ ಓದಿದಳು.

ಆರನೆಯದು ಮುಗಿಯುವಾಗ ಅವಳು ಪತ್ರಿಕೆ ಕೆಳಗಿಳಿಸಿದಳು. ಉಳಿದದ್ದು ಏಳನೆಯದು. ಬಿಶೆಂತೆ ನಮ್ಮ ಮದುವೆಯ ವರ್ಷ ಚೆಸ್ಟ್‌ನಟ್ ಮರದ ಪೊಟರೆಯಿಂದ ಹಿಡಿದು ತಂದ ಜೇನಿನ ಪೆಟ್ಟಿಗೆ ಅದು.

“ಇನ್ನು ಆಗಲ್ಲ, ಫೆಲಿಸಕ್ಕ,” ಎಂದು ಬಿಕ್ಕಿದಳು.

ಜೇನು ಹೊರಗೇ ಇತ್ತು. ನಾನು ಪತ್ರಿಕೆ ಕಿತ್ತುಕೊಂಡೆ. “ತಟ್ಟೋದು ನೀನು. ಓದೋದು ನಾನು.”

ಅವಳು ತಟ್ಟಿದಳು. ನಾನು ಓದಿದೆ. ಎಪ್ಪತ್ತಾರು ವರ್ಷಕ್ಕೆ ಮೊದಲ ಸಲ ನನ್ನ ಮಾತನ್ನು ನಾನು ಓದಿದೆ, ಸಾಲಿನ ಕೆಳಗೆ ಬೆರಳಿಟ್ಟು, ಎಡವುತ್ತಾ, ಮಗುವಿನ ಹಾಗೆ. ಆರು ಸಲ ಕೇಳಿದ್ದರಿಂದ ಅಕ್ಷರಗಳು ತಾವೇ ದಾರಿ ಬಿಟ್ಟವು. ಬಿಶೆಂತೆ, ಫೆಲಿಸಾಳ ಗಂಡ ಅನ್ನುವ ಸಾಲಿಗೆ ಬಂದಾಗ ಅಂಗೈ ಉರಿಯುತ್ತದೆ ಅಂತ ಕಾದೆ. ಉರಿಯಲಿಲ್ಲ.

ಸಂಜೆಯ ಹೊತ್ತಿಗೆ ಜೇನೆಲ್ಲ ಒಳಗೆ ಹೋಗಿತ್ತು. ಈ ವರ್ಷ ಏಳೂ ಪೆಟ್ಟಿಗೆ ತುಂಬಿವೆ, ಮೊದಲ ಬಾಟಲಿ ಇದುರೆಗೆ ಕೊಟ್ಟೆ. ಅವಳು ತಪ್ಪು ಮಾಡಿದ್ದಕ್ಕೆ ಬೈದೆ ನಿಜ. ಆದರೆ ಅವಳ ಋಣ ಈ ಜನ್ಮಕ್ಕೆ ತೀರುವಂಥದ್ದಲ್ಲ. ಶಾಲೆಯವರು ಕಸಿದುಕೊಂಡದ್ದನ್ನು ವಾರ ವಾರ ಮನೆ ಬಾಗಿಲಿಗೆ ತಂದು, ನಾನು ಬೇಡ ಅಂದರೂ ಬೇಸರಿಸದೆ ಕಾದವಳು ಅವಳು.

ಈಗ ಶುಕ್ರವಾರ ಪತ್ರಿಕೆ ಬಂದ ಕೂಡಲೇ ತೋಟಕ್ಕೆ ಒಯ್ಯುತ್ತೇನೆ. ಏಳನೆಯ ಪೆಟ್ಟಿಗೆಯ ಪಕ್ಕ ಕೂತು, ಬಿಶೆಂತೆಗೂ ಕೇಳಲಿ ಅಂತ ಗಟ್ಟಿಯಾಗಿ ಓದುತ್ತೇನೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಹೋದ ವಾರ ಮೂರು ತಪ್ಪು ಸಿಕ್ಕವು.